ಸೋರೆಬುರುಡೆ ಬಿಚ್ಚಿದವನು

ಆ ಆಮೆಗಳನ್ನು ಕೊಂದದ್ದು ನಾನು, ಬಸಣ್ಣ — ನೀನಲ್ಲ. ಎಂಬತ್ತರ ದಶಕದ ಆ ಬೇಸಿಗೆಯಲ್ಲಿ ಎಲ್ಲರೂ ನಿನ್ನ ಮುಖಕ್ಕೆ ಉಗಿಯುವಾಗ ನಾನೂ ಆ ಗುಂಪಿನಲ್ಲಿ ನಿಂತಿದ್ದೆ, ಕೈಕಟ್ಟಿಕೊಂಡು, ದೊಡ್ಡ ಮನುಷ್ಯನ ಹಾಗೆ.

ಹೊನ್ನಾಳಿಯ ಹೊಳೆಮಡುವಿನಲ್ಲಿ ಮೀನು ಹಿಡಿಯಲು ಮನೆಮನೆಗೂ ಸರದಿಯಿತ್ತು. ಉದ್ದ ಹಗ್ಗಕ್ಕೆ ಸಾಲುಗಾಳ ಕಟ್ಟಿ ಬಿಡುತ್ತಿದ್ದೆವು. ನಡುನಡುವೆ ಸೋರೆಬುರುಡೆ ಕಟ್ಟಿ ಹಗ್ಗವನ್ನು ತೇಲಿಸಬೇಕು ಎಂಬುದು ಹಿರಿಯರ ಕಟ್ಟಳೆ. ಮೀನಿಗೆ ಇಟ್ಟ ಗಾಳಕ್ಕೆ ಆಮೆ ಸಿಕ್ಕಿಬಿದ್ದರೂ ತಲೆಯೆತ್ತಿ ಉಸಿರಾಡುತ್ತದೆ. ಬೆಳಗ್ಗೆ ಬಿಡಿಸಿ ಕಳಿಸಿದರಾಯಿತು. ನನಗೋ ಇದೆಲ್ಲ ಮುದುಕರ ಹುಚ್ಚಾಟ. ಆಮೆಯ ಉಸಿರಿಗಾಗಿ ತಳದ ದಪ್ಪ ಬಾಳೆಮೀನು ಬಿಟ್ಟುಕೊಡಬೇಕೆ? ನನ್ನ ಸರದಿಯ ರಾತ್ರಿ ಹಗ್ಗದ ಬುರುಡೆ ಬಿಚ್ಚಿ ಕಲ್ಲು ಕಟ್ಟಿ ಮುಳುಗಿಸಿದೆ. ಒಂದೊಂದೇ ಆಮೆಯನ್ನು ಜೋಪಾನವಾಗಿ ಬಿಡಿಸಿ ಕಳಿಸುತ್ತಿದ್ದ ನಿನ್ನನ್ನು ಆಮೆಗಳ ಅತ್ತೆಮನೆಯವನು ಎಂದು ಆಡಿಕೊಂಡವನೂ ನಾನೇ.

ಬೆಳಗ್ಗೆ ಹಗ್ಗ ಎಳೆದರೆ ಮೀನಿಗಿಂತ ಆಮೆಯೇ ಹೆಚ್ಚು — ಎಲ್ಲವೂ ಉಸಿರುಕಟ್ಟಿ ಸತ್ತಿದ್ದವು. ಕೊರಳು ಮೇಲಕ್ಕೆ ಚಾಚಿಕೊಂಡು... ಅಯ್ಯೋ ಅನ್ನಿಸಿತೆ? ಇಲ್ಲ. ಅಸಹ್ಯವಾಯಿತು, ಆಮೇಲೆ ಭಯ. ಆಮೆ ಕೊಂದವನ ಸರದಿ ಕಿತ್ತುಕೊಳ್ಳುತ್ತಿದ್ದರಲ್ಲ. ಅಂದು ನನ್ನ ಜೊತೆ ನಿನ್ನ ಮನೆಯ ಸರದಿಯೂ ಇತ್ತು, ಪಕ್ಕದಲ್ಲೇ ನಿನ್ನ ಹಗ್ಗ. ಸತ್ತವನ್ನೆಲ್ಲ ನಿನ್ನ ಗಾಳಗಳಿಗೆ ಸಿಕ್ಕಿಸಿ, ನಿನ್ನ ಬುರುಡೆಗಳನ್ನು ಕತ್ತರಿಸಿ ತೇಲಿಬಿಟ್ಟೆ.

ಹಿರಿಯರು ಸೇರಿದರು. ಮೀನು ತಿಂದು ತೇಗುವ ಬಾಯಲ್ಲೇ ಆಮೆಯನ್ನು ದೇವರೆನ್ನುವ ಮಂದಿ — ಅವರ ಮೇಲೆ ನನಗೆ ಇವತ್ತಿಗೂ ಗೌರವವಿಲ್ಲ. ಆದರೆ ಅವರು ಮೋಸ ಹೋದವರು. ನಾನು ಮೋಸ ಮಾಡಿದವನು. ನೀನು ನನ್ನ ಕಡೆ ತಿರುಗಿದೆ.

"ನಾ ಬುರುಡೆ ಕಟ್ಟಾದು ನೀನೂ ನೋಡೀಯಲ್ಲೋ. ಹೇಳೋ."

"ನಾ ಏನೂ ನೋಡಿಲ್ಲಪ್ಪ" ಎಂದೆ.

ಅಷ್ಟೇ. ಹೊಳೆ ಬಿಟ್ಟರೆ ಬೇರೆ ಬದುಕೇ ಗೊತ್ತಿಲ್ಲದ ನೀನು ಜಗಳೂರು ಕಡೆಯ ಸೊಕ್ಕೆಗೆ ಕುರಿ ಕಾಯಲು ಹೋದೆ — ಹೊಳೆಯೇ ಇಲ್ಲದ ಸೀಮೆಗೆ. ನಿನ್ನ ಸರದಿ ಯಾರಿಗೆ ಬಂತು ಗೊತ್ತೇ? ನನಗೆ. ನಾಚಿಕೆಯಿಲ್ಲದೆ ತೆಗೆದುಕೊಂಡೆ. ಥೂ.

ವರ್ಷಗಳ ಮೇಲೆ ಜಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ ನೀನು ಎದುರಾದೆ. ಬೈಯುತ್ತೀಯೆಂದು ಮೈ ಬಿಗಿಹಿಡಿದು ನಿಂತೆ. ನೀನು ಕೇಳಿದ್ದೇ ಬೇರೆ: "ಮಡುವಿನಾಗೆ ಆಮೆ ಈಗ್ಲೂ ಅದಾವೇನೋ?"

"ಬೇಕಾದಷ್ಟು ಅದಾವೆ" ಎಂದೆ. ನಿನ್ನ ಮುಖ ಅರಳಿತು.

ಒಂದೂ ಇಲ್ಲ, ಬಸಣ್ಣ. ನೀನು ಹೋದ ಮೇಲೂ ನಾನು ಕಲ್ಲನ್ನೇ ಕಟ್ಟಿದೆ.