ಮಾಣಿಕರಾವ್ ಸರ್ ಹೇಳಿಕೊಟ್ಟ ಡಬ್ಬಿ

ಯಾವ ಅರ್ಜಿ ಕೈಗೆ ಬಂದರೂ ಮಾಣಿಕರಾವ್ ಸರ್ ಅದನ್ನು ಮೊದಲು ಓದುತ್ತಿರಲಿಲ್ಲ. ಅದರಲ್ಲಿ ಗುರುತು ಹಾಕಲು ಬಿಟ್ಟಿದ್ದ ಚೌಕ ಡಬ್ಬಿಗಳ ಮೇಲೆ ಕಿರುಬೆರಳಿನ ಉಗುರಿಟ್ಟು ಅಳೆಯುತ್ತಿದ್ದರು. ಬ್ಯಾಂಕಿನ ಚೀಟಿಯಾಗಲಿ, ಗ್ಯಾಸ್ ಸಂಪರ್ಕದ ಫಾರ್ಮ್ ಆಗಲಿ, ಉಗುರು ಡಬ್ಬಿಯೊಳಗೆ ಕೂತರೆ ಸರಿ, ಕೂರದಿದ್ದರೆ ಕೌಂಟರಿನಲ್ಲಿದ್ದವರ ಗ್ರಹಚಾರ ಕೆಟ್ಟಿತು. "ಇಷ್ಟ್ ಸಣ್ಣ ಡಬ್ಬ್ಯಾಗ ಮನಷ್ಯಾ ಹೌದು ಅಂತ ಹ್ಯಾಂಗ್ ಹೇಳಬೇಕ್ರಿ?" ಎಂದು ತೆಲುಗು ಗುಮಾಸ್ತರನ್ನು ಕನ್ನಡದಲ್ಲೇ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಮಾತು ತಿಳಿಯದಿದ್ದರೂ ಬೈಗುಳವೆಂಬುದು ಅವರಿಗೆ ತಿಳಿಯುತ್ತಿತ್ತು.

ಅವರು ಹುಮನಾಬಾದ್ ಕಡೆಯವರು. ಅಮೀರ್‌ಪೇಟ್‌ನ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ, ದೊಡ್ಡ ದೊಡ್ಡ ಸಾಫ್ಟ್‌ವೇರ್ ಕೋರ್ಸುಗಳ ಬೋರ್ಡುಗಳ ನಡುವೆ ಅವರದು 'ಆಫೀಸ್ ಕಂಪ್ಯೂಟರ್' ಎಂಬ ಬಡ ಕೋರ್ಸು. ಕಲಬುರಗಿಯಿಂದ ಮದುವೆಯಾಗಿ ಬಂದು, ತೆಲುಗು ಬಾರದೆ ಮೂಲೆ ಹಿಡಿದು ಕೂತಿದ್ದ ನನ್ನಂಥವಳಿಗೆ ಕನ್ನಡದಲ್ಲಿ ಪಾಠ ಹೇಳುವ ಒಬ್ಬರು ಸಿಕ್ಕಿದ್ದೇ ದೊಡ್ಡದಾಗಿತ್ತು. ಕೋರ್ಸು ಮುಗಿದ ಮೇಲೆ ಅವರೇ ನನ್ನನ್ನು ಸಹಾಯಕ್ಕೆ ಇಟ್ಟುಕೊಂಡರು.

ನಾವು ಮಾಡಿದ ಒಂದು ಡಬ್ಬಿಯಿಂದ ಒಬ್ಬ ಮನುಷ್ಯ ಸತ್ತ. ಆ ತಪ್ಪು ಇವತ್ತಿಗೂ ಮಾಣಿಕರಾವ್ ಸರ್ ಹೆಸರಿನಲ್ಲಿದೆ. ಅದು ಅವರದಲ್ಲ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ವಾರ ನಾನೊಂದು ಫಾರ್ಮ್ ತಯಾರಿಸಿ ಜಂಬದಿಂದ ತೋರಿಸಿದ್ದೆ. ಚಿಹ್ನೆಗಳ ಪಟ್ಟಿಯಿಂದ ಚೌಕಗಳನ್ನು ಆರಿಸಿ ಸಾಲಾಗಿ ಜೋಡಿಸಿದ್ದೆ, ನೋಡಲು ಅಂದವಾಗಿತ್ತು. ಸರ್ ಮೌಸ್ ತೆಗೆದುಕೊಂಡು ಒಂದರ ಮೇಲೆ ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು.

"ಇದು ಸತ್ತ ಡಬ್ಬಿ ಐತಿ ತಂಗಿ. ಮುಖಾ ಚಲೋ ಐತಿ, ಉಸುರಿಲ್ಲ."

"ಪ್ರಿಂಟ್ ತಗೊಂಡ್ರ ಎರಡೂ ಒಂದೇ ಅಲ್ರಿ ಸರ್?"

"ಪ್ರಿಂಟ್ ತಗೊಳ್ಳೋದಾದ್ರ ಕಂಪ್ಯೂಟರ್ ಯಾಕ ಬೇಕವಾ, ಸ್ಕೇಲ್ ಪೆನ್ಸಿಲ್ ತಗೊಂಡು ಕುಂಡ್ರು."

ಆಮೇಲೆ ಅಡಗಿ ಕೂತಿರುವ 'ಡೆವಲಪರ್' ಎಂಬ ಪಟ್ಟಿಯನ್ನು ಹೊರಗೆಳೆಯುವುದು, ಅಲ್ಲಿಂದ ಒತ್ತಿದರೆ ಗುರುತು ಬೀಳುವ, ಮತ್ತೆ ಒತ್ತಿದರೆ ಹೋಗುವ ಡಬ್ಬಿ ಇಡುವುದು, ಬೇರೆ ಅಕ್ಷರಗಳನ್ನು ಯಾರೂ ಅಳಿಸದಂತೆ ಬೀಗ ಹಾಕುವುದು, ಎಲ್ಲವನ್ನೂ ಬೆರಳು ಹಿಡಿದು ಕಲಿಸಿದರು. ಕೊನೆಗೆ ಒಂದು ಮಾತು ಹೇಳಿದರು. ಅದು ಅವರು ಪ್ರತಿ ತಂಡಕ್ಕೂ ಹೇಳುವ ಮಾತು. ನಾವು ಫಾರ್ಮ್ ಮಾಡುತ್ತಿದ್ದ ತಂತ್ರಾಂಶದ ಡಬ್ಬಿ ಒತ್ತಿದರೆ ತಾನಾಗಿ ಬೀಳುವುದು ಇಂಟು ಗುರುತು. ಅದನ್ನು ಮಾಡಿದವರ ದೇಶದಲ್ಲಿ ಇಂಟು ಎಂದರೆ 'ಆರಿಸಿದೆ' ಎಂದಿರಬಹುದು. "ನಮ್ಮ ಸಾಲ್ಯಾಗ ಇಂಟು ಹೊಡದ್ರ ಏನವಾ? ತಪ್ಪು. ಇಲ್ಲ. ಕೆಂಪು ಶಾಯಿ. ಅದಕ್ಕ ಡಬ್ಬಿ ಇಟ್ಟ ಕೂಡ್ಲೆ ಒಳಗ ಹೋಗಿ ಗುರುತು ಬದಲಿ ಮಾಡು, ರೈಟ್ ಮಾರ್ಕ್ ಕುಂಡ್ರಸು. ಒಂದೊಂದು ಡಬ್ಬಿಗೂ." ಇಪ್ಪತ್ತು ಡಬ್ಬಿಯಿದ್ದರೆ ಇಪ್ಪತ್ತು ಸಲ ಒಳಗೆ ಹೋಗಬೇಕು. ನನಗೆ ಅದು ಮಹಾ ಬೇಸರದ ಕೆಲಸವಾಗಿತ್ತು.

ವೆಬ್ ಫಾರ್ಮ್‌ಗಳ ವಿಷಯದಲ್ಲಂತೂ ಅವರು ವಿಪರೀತದ ಮನುಷ್ಯ. ಡಬ್ಬಿಗೂ ಅದರ ಪಕ್ಕದ ಮಾತಿಗೂ ಗಂಟು ಹಾಕಿರಲೇಬೇಕು. ಮಾತಿನ ಮೇಲೆ ಬೆರಳಿಟ್ಟರೂ ಗುರುತು ಬೀಳಬೇಕು. ಪರೀಕ್ಷೆಗೆಂದು ಹೆಬ್ಬೆರಳಿಗೆ ಕರವಸ್ತ್ರ ಸುತ್ತಿಕೊಂಡು ಮೊಬೈಲ್ ಒತ್ತುತ್ತಿದ್ದರು. ಕರವಸ್ತ್ರದೊಳಗಿಂದ ಮೊಬೈಲಿಗೆ ಬೆರಳೇ ತಿಳಿಯುವುದಿಲ್ಲ ಎಂದು ಕ್ಲಾಸಿನ ಹುಡುಗಿಯರು ನಕ್ಕರೆ, ಅದನ್ನು ಬಿಚ್ಚಿ ಹೆಬ್ಬೆರಳನ್ನು ಅಡ್ಡ ಮಲಗಿಸಿ ಒತ್ತುವರು. "ಸಿಮೆಂಟ್ ಕಲಸೋವನ ಬೆರಳು ನಿಮ್ಮಂಗ ಸಣ್ಣ ಇರಂಗಿಲ್ರೆ. ಅವನೂ ಹೌದು ಅನ್ನಬೇಕಲ್ಲ?" ತಾನಾಗಿ ಮೊದಲೇ ಗುರುತು ಬಿದ್ದಿರುವ ಡಬ್ಬಿ ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ಕೇಳದೆ ಇನ್ನೊಬ್ಬರ ಪರವಾಗಿ ಹೌದು ಎನ್ನುವುದು ಅವರ ಪ್ರಕಾರ ಕಳ್ಳತನ.

ಒಮ್ಮೆ ಶಂಶಾಬಾದ್ ಬಳಿ ಎತ್ತರದ ವಸತಿ ಕಟ್ಟಡ ಕಟ್ಟುತ್ತಿದ್ದ ಗುತ್ತಿಗೆದಾರನೊಬ್ಬ ಸರ್ ಅವರನ್ನು ಕರೆಸಿದ. ಯಾದಗಿರಿ, ರಾಯಚೂರು ಕಡೆಯ ಕೂಲಿಗಳು ಬಂದಿದ್ದರು. ಅವರ ಆರೋಗ್ಯ ವಿಚಾರಿಸಿ ಫಾರ್ಮ್ ತುಂಬಿಸಬೇಕು, ಯಾರನ್ನು ಮೇಲಿನ ಕೆಲಸಕ್ಕೆ ಹತ್ತಿಸಬಾರದೆಂದು ಮೇಸ್ತ್ರಿಗೆ ಅದರಿಂದ ತಿಳಿಯಬೇಕು. ಫಾರ್ಮ್ ಮಾಡುವ ಕೆಲಸ ನನಗೆ ಬಂತು. ಫಿಟ್ಸ್, ತಲೆಸುತ್ತು, ಬಿಪಿ, ಹೀಗೆ ಒಂದೊಂದು ತೊಂದರೆಗೆ ಒಂದೊಂದು ಡಬ್ಬಿ. ಇದ್ದರೆ ಗುರುತು, ಇಲ್ಲದಿದ್ದರೆ ಖಾಲಿ. ಬೆಳಿಗ್ಗೆ ಬಸ್ಸಿನಲ್ಲಿ ಸರ್ ಕೇಳಿದರು, "ಗುರುತು ಬದಲಿ ಮಾಡಿದ್ಯೇನವಾ?"

ಮಾಡಿರಲಿಲ್ಲ. "ಹೌದ್ರಿ ಸರ್" ಎಂದೆ. ಹೋಗಿ ಇಳಿದ ಮೇಲೆ ಐದು ನಿಮಿಷದಲ್ಲಿ ಮಾಡಿದರಾಯಿತು ಎಂದುಕೊಂಡಿದ್ದೆ. ಇಳಿಯುವಷ್ಟರಲ್ಲಿ ಜನ ಸಾಲು ನಿಂತಿದ್ದರು.

ಸರ್ ಕೂಲಿಗಳ ಕಡೆ ಮುಖ ಮಾಡಿ ಕುಳಿತು ಒಬ್ಬೊಬ್ಬರನ್ನೂ ಅವರ ಮಾತಿನಲ್ಲೇ ವಿಚಾರಿಸಿದರು. ನಾನು ಅವರ ಬೆನ್ನ ಹಿಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒತ್ತುತ್ತಾ ಹೋದೆ. ಸುರಪುರ ಕಡೆಯ ಹನಮಂತ ಎಂಬವನು ನಾಚಿಕೊಳ್ಳುತ್ತಾ, "ಮ್ಯಾಲ ಏರಿದ್ರ ತೆಲಿ ಗರಾ ಗರಾ ತಿರಗತೈತ್ರಿ" ಎಂದ. ಸರ್ ಅವನ ಬೆನ್ನು ತಟ್ಟಿದರು. "ಹೇಳಿದ್ದು ಚಲೋ ಮಾಡಿದಿ ತಮ್ಮಾ. ಬರಕೊಂಡೇವಿ, ಇನ್ನ ಅಂಜಬ್ಯಾಡ." ನಾನು ತಲೆಸುತ್ತಿನ ಡಬ್ಬಿ ಒತ್ತಿದೆ. ಇಂಟು ಬಿತ್ತು. ನನಗೆ ಅದರ ಅರ್ಥ ಗೊತ್ತಿತ್ತು, ಹಾಗಾಗಿ ಅದು ತಪ್ಪಾಗಿ ಕಾಣಲೇ ಇಲ್ಲ. ಅಲ್ಲಿಯೇ ಪ್ರಿಂಟ್ ತೆಗೆದು ಕಟ್ಟು ಕಟ್ಟಿ ಮೇಸ್ತ್ರಿಯ ಕೈಗೆ ಕೊಟ್ಟೆ.

ವಾರ ಕಳೆದಿತ್ತು. ಹನಮಂತನನ್ನು ಒಂಬತ್ತನೇ ಅಂತಸ್ತಿನ ಹೊರಗಿನ ಗೋಡೆಗೆ ಗಿಲಾವು ಮಾಡಲು ಹತ್ತಿಸಿದರು. ಅವನು ಬಿದ್ದ.

ಮರುದಿನ ಮಧ್ಯಾಹ್ನ ಗುತ್ತಿಗೆದಾರ ನಮ್ಮನ್ನೂ ಕರೆಸಿ ಎಲ್ಲರನ್ನೂ ಕೂರಿಸಿಕೊಂಡು ವಿಚಾರಿಸಿದ. ಮೇಸ್ತ್ರಿ ಕಾಗದ ಮುಂದಿಟ್ಟು, "ಇಂಟು ಪೆಟ್ಟಾರು ಕದಾ ಸಾರ್, ಅಂಟೇ ಲೇದನೇ ಕದಾ?" ಎಂದ. ಇಂಟು ಹಾಕಿದ್ದಾರೆ, ಎಂದರೆ ತಲೆಸುತ್ತು ಇಲ್ಲವೆಂದೇ ತಾನೇ ಎಂದು ಅವನ ಪ್ರಶ್ನೆ. ಅವನು ಸುಳ್ಳು ಹೇಳುತ್ತಿರಲಿಲ್ಲ; ಖಾಲಿ ಡಬ್ಬಿಗಳನ್ನು ಕೇಳದೆ ಬಿಟ್ಟವೆಂದು ತಿಳಿದಿದ್ದ. ಬಾಗಿಲ ಬಳಿ ಹನಮಂತನ ಹೆಂಡತಿ ನೀಲಮ್ಮ ಕುಕ್ಕರಗಾಲಲ್ಲಿ ಕೂತಿದ್ದಳು. ಅವಳು ಅಳುತ್ತಿರಲಿಲ್ಲ. "ನಾ ಬ್ಯಾಡ ಅಂದ್ನಿರಿ. ಅಂವಾ, ಸಾಹೇಬ್ರು ಬರಕೊಂಡಾರ, ಅವ್ರಿಗೆ ಗೊತ್ತಿದ್ದಽ ಕಳಸಾಕತ್ತಾರ, ಏನಾಗಂಗಿಲ್ಲ ಅಂದ" ಎಂದಳು.

"ಈ ಫಾರ್ಮ್ ಯಾರು ಮಾಡಿದ್ದು?" ಎಂದು ಗುತ್ತಿಗೆದಾರ ಹಿಂದಿಯಲ್ಲಿ ಕೇಳಿದ.

ಸರ್ ಕಾಗದವನ್ನು ಕೈಗೆ ತೆಗೆದುಕೊಂಡು ನೋಡಿದರು. ನೋಡಿದ ಕೂಡಲೇ ಅವರಿಗೆ ಎಲ್ಲ ತಿಳಿದಿರಬೇಕು. ನನ್ನ ಕಡೆ ತಿರುಗಲೂ ಇಲ್ಲ. "ನಾನೇ ಮಾಡಿದ್ದು" ಎಂದರು. ನಾನು ಪಕ್ಕದಲ್ಲೇ ಕೂತಿದ್ದೆ. ನಾಲಿಗೆ ಇತ್ತು, ಆಡಲಿಲ್ಲ. ಹೊಸ ಸಂಸಾರ, ಗಂಡನಿಗೆ ಏನು ಹೇಳಲಿ ಎಂದೆಲ್ಲ ಆಮೇಲೆ ನೆಪ ಹುಡುಕಿಕೊಂಡೆ. ಆ ಗಳಿಗೆಯಲ್ಲಿ ಇದ್ದದ್ದು ಹೆದರಿಕೆ ಮಾತ್ರ.

ತರಬೇತಿ ಕೇಂದ್ರದ ಮಾಲೀಕರು ಕೋರ್ಸಿನ ಬೋರ್ಡಿನಿಂದ ಅವರ ಹೆಸರು ತೆಗೆದರು. ಸುದ್ದಿ ನಮ್ಮ ಕನ್ನಡದವರಲ್ಲೆಲ್ಲ ಹಬ್ಬಿತು. ಕೂಲಿಯವನನ್ನು ಕೊಂದ ಮಾಸ್ತರ ಎಂದೇ ಕರೆದರು. ಕೆಲವು ತಿಂಗಳ ಮೇಲೆ ಮಿಯಾಪುರದ ಅವರ ಬಾಡಿಗೆ ಕೋಣೆಗೆ ಹೋದೆ. ಊರಿಗೆ ಹೊರಡಲು ಗಂಟು ಮೂಟೆ ಕಟ್ಟುತ್ತಿದ್ದರು. ಮುಖ ಇಳಿದು ಹೋಗಿತ್ತು.

"ಸರ್, ನಾ ಎಲ್ಲಾರ ಮುಂದ ಹೇಳತೀನ್ರಿ, ನಂದಽ ತಪ್ಪು ಅಂತ."

"ನೀ ಹೇಳಿದ್ರ ಅಂವ ಎದ್ದು ಬರ್ತಾನೇನು?"

"ನಿಮ್ಮ ಹೆಸರಾರ ಉಳೀತೈತಲ್ರಿ."

ಅವರು ಹಗ್ಗದ ಗಂಟು ಬಿಗಿದರು. "ಅಂಜಬ್ಯಾಡ ಅಂತ ಅಂವಗ ಹೇಳಿದಾಂವ ನಾನಽ. ಹಿಂದ ತಿರುಗಿ ಒಮ್ಮೆ ಪರದೆ ನೋಡಲಿಲ್ಲ. ನಿಂದೂ ಐತಿ, ನಂದೂ ಐತಿ. ನೀ ಹೋಗು ಇನ್ನ." ಆ ಕೊನೆಯ ಮಾತಿನಲ್ಲಿ ಪ್ರೀತಿ ಇರಲಿಲ್ಲ. ಇತ್ತೆಂದು ಬರೆಯಲು ಆಸೆಯಾಗುತ್ತದೆ.

ಮುಂದಿನ ವರ್ಷ ಅವರು ಊರಿನಲ್ಲೇ ತೀರಿಕೊಂಡರೆಂದು ಅವರ ಮಗಳು ಫೋನ್ ಮಾಡಿದಳು. ಅವತ್ತೇ ಶಂಶಾಬಾದ್‌ಗೆ ಹೋದೆ. ನೀಲಮ್ಮ ಅಲ್ಲಿಯೇ ಮನೆಗೆಲಸ ಮಾಡಿಕೊಂಡು ತಗಡಿನ ಕೋಣೆಯಲ್ಲಿದ್ದಳು. ಇವತ್ತು ಹೇಳಿಯೇ ಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ.

"ಆ ಮಾಣಿಕರಾವ್ ಸತ್ನಂತಲ್ರಿ ಅಕ್ಕಾ?" ಎಂದು ಅವಳೇ ಕೇಳಿದಳು. ಊರ ಕಡೆಯ ಕೂಲಿಗಳಿಂದ ಸುದ್ದಿ ನನಗಿಂತ ಮೊದಲೇ ಅವಳಿಗೆ ಮುಟ್ಟಿತ್ತು. "ಚಲೋ ಆತು. ದಿನಾ ಅವನ ಹೆಸರು ಹಿಡದು ಶಾಪಾ ಹಾಕಿ ಮಣ್ಣು ತೂರತಿದ್ದೆ. ನೀವು ಪಾಪ, ಅಂಥಾವನ ಕೈಯಾಗ ಕೆಲಸ ಮಾಡಿದ್ರಿ."

ಚಾಪೆ ಹಾಸಿದಳು. ಚಹಾ ಮಾಡಿ ಕೊಟ್ಟಳು. ನಾನು ಕುಡಿದೆ.