ಎರಡು ದಿನ ತಡವಾದ ಸ್ವಾತಂತ್ರ್ಯ

ಮಸ್ಕತ್ತಿನಲ್ಲಿ ನಮ್ಮ ಆಗಸ್ಟ್ ಹದಿನೈದು ಹೆಚ್ಚಿನ ವರ್ಷ ಹದಿನೈದನೇ ತಾರೀಕಿಗೆ ಬರುತ್ತಿರಲಿಲ್ಲ. ಅಲ್ಲಿ ವಾರದ ರಜೆ ಶುಕ್ರವಾರ. ಅಪ್ಪನ ವರ್ಕ್‌ಶಾಪ್‌ನವರು ನಮ್ಮ ದೇಶ ಸ್ವತಂತ್ರವಾಯಿತೆಂದು ರಜೆ ಕೊಡುವವರಲ್ಲ. ಹಾಗಾಗಿ ಕನ್ನಡದವರೆಲ್ಲ ಸೇರಿ ಹದಿನೈದರ ನಂತರ ಬರುವ ಶುಕ್ರವಾರ ಒಂದು ಹಾಲ್ ಬಾಡಿಗೆಗೆ ಹಿಡಿದು, ಸ್ಟ್ಯಾಂಡಿಗೆ ಬಾವುಟ ಸಿಕ್ಕಿಸಿ, ಮಕ್ಕಳಿಗೆ ಪೇಟ, ಕನ್ನಡಕ, ಅಂಟಿಸಿದ ಮೀಸೆಗಳನ್ನು ಹಾಕಿಸಿ ಹಬ್ಬ ಮಾಡುತ್ತಿದ್ದೆವು. ಹೊರಗೆ ಬಿಸಿಲು ಬೆಂಕಿ. ಒಳಗೆ ಏಸಿ ಹಾಕಿದರೆ ಬಾವುಟ ಸ್ವಲ್ಪ ಅಲ್ಲಾಡುತ್ತಿತ್ತು, ಅದೇ ಗಾಳಿ. ಅಕ್ಕಿ ಕಡುಬು ಮಾಡಿ ತರುವುದು ಪ್ರತಿ ವರ್ಷವೂ ಅಮ್ಮನ ಪಾಲಿಗೆ. ಕೊಡಗಿನವರು ನಾವೊಂದೇ ಮನೆ.

ಊರಿನಲ್ಲಿದ್ದ ಮಾವನಿಗೆ ಇದು ದೊಡ್ಡ ತಮಾಷೆ. ಮಾವ ಎಂದರೆ ಅಮ್ಮನ ತಮ್ಮ. ಮಾದಾಪುರದ ಮೇಲಿನ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದ. ಕೂಲಿಯವರ ಯಾವ ಲೈನ್‌ಮನೆಯಿಂದ ಯಾರು ಕೆಲಸಕ್ಕೆ ಬಂದರು, ಯಾರು ಬರಲಿಲ್ಲ ಎಂದು ಬರೆದಿಡುವುದು ಅವನ ಕೆಲಸ. ಮದುವೆಯಾಗಿರಲಿಲ್ಲ, ಅಜ್ಜಿಯ ಜೊತೆಗಿದ್ದ. ನಮ್ಮ ಹಬ್ಬದ ಶುಕ್ರವಾರ ಬೆಳಗ್ಗೆ ತಪ್ಪದೆ ಫೋನ್ ಮಾಡುತ್ತಿದ್ದ. ಮಾಡುತ್ತಿದ್ದ ಎಂದರೆ, ಎರಡು ಸಲ ರಿಂಗ್ ಕೊಟ್ಟು ಕಟ್ ಮಾಡುತ್ತಿದ್ದ. ಐಎಸ್‌ಡಿ ಕಾಲಿನ ದುಡ್ಡು ಅಕ್ಕನ ಮನೆಯದೇ ಹೋಗಲಿ ಎನ್ನುವುದು ಅವನ ನ್ಯಾಯ. ಅಮ್ಮ ತಿರುಗಿ ಮಾಡಿದರೆ ಮೊದಲ ಮಾತೇ, "ಏನಕ್ಕಾ, ಇವತ್ತಾದ್ರೂ ಸಿಕ್ತಾ ನಿಮ್ಗೆ ಸ್ವಾತಂತ್ರ್ಯ? ನಮ್ಗಂತೂ ಮೊನ್ನೆನೇ ಬಂತಪ್ಪಾ."

"ಬಾಯ್ಮುಚ್ಚೋ, ರೈಟ್ರೇ. ನೀನು ಹಾಜ್ರಿ ಹಾಕು ಹೋಗು."

"ಹಾಕಿದೀನಿ. ಅಕ್ಕ ಆಬ್ಸೆಂಟು. ಬಾವ ಆಬ್ಸೆಂಟು."

2018ರಲ್ಲಿ ನಮ್ಮ ಹಬ್ಬ ಆಗಸ್ಟ್ 17ಕ್ಕೆ ಬಿತ್ತು. ಆ ವಾರವಿಡೀ ಕೊಡಗಿನಲ್ಲಿ ಮಳೆ ಎಂದು ಗೊತ್ತಿತ್ತು. ಆದರೆ ಆಗಸ್ಟಿನಲ್ಲಿ ಕೊಡಗಿನಲ್ಲಿ ಮಳೆ ಎನ್ನುವುದು ಯಾರನ್ನೂ ಹೆದರಿಸುವ ಸುದ್ದಿಯಲ್ಲ. ಬುಧವಾರ ಮಾತನಾಡಿದಾಗ ಮಾವ ಕರೆಂಟಿಲ್ಲ, ಫೋನ್ ಚಾರ್ಜಿಲ್ಲ ಎಂದಿದ್ದ. ಗುರುವಾರ ಸಿಗಲಿಲ್ಲ. ಶುಕ್ರವಾರ ಬೆಳಗ್ಗೆ ಅಮ್ಮ ಕಡುಬಿನ ಪಾತ್ರೆಯನ್ನು ಕಾರಿಗೆ ಏರಿಸಿ, ಹಸಿರು ಅಂಚಿನ ಬಿಳಿ ಸೀರೆ ಉಟ್ಟು ಬಂದಳು.

ರಾಷ್ಟ್ರಗೀತೆಗೆ ಎಲ್ಲರೂ ಎದ್ದು ನಿಂತೆವು. ನಾನು ಅಮ್ಮನ ಪಕ್ಕದಲ್ಲಿದ್ದೆ, ನನಗಾಗ ಹದಿಮೂರು. ಹಾಡು ಶುರುವಾಗುತ್ತಲೇ ಅಮ್ಮನ ಕೈಯಲ್ಲಿದ್ದ ಫೋನ್ ನಡುಗಿತು. ಪರದೆಯ ಮೇಲೆ 'ತಮ್ಮ' ಎಂದಿತ್ತು. ಅಮ್ಮ ಕಣ್ಣು ಮಾತ್ರ ಇಳಿಸಿ ನೋಡಿದಳು, ಅವಳ ತುಟಿಯ ಕೊನೆಯಲ್ಲಿ ಒಂದು ನಗು ಬಂತು. ಎರಡು ರಿಂಗ್, ಆಮೇಲೆ ತಾನಾಗಿಯೇ ನಿಲ್ಲುತ್ತದೆ, ಹಾಡು ಮುಗಿದ ಮೇಲೆ ಮಾಡಿದರಾಯಿತು. ನಾನೂ ಹಾಗೆಯೇ ಅಂದುಕೊಂಡೆ. ಆದರೆ ಆ ದಿನ ಅದು ಎರಡಕ್ಕೆ ನಿಲ್ಲಲಿಲ್ಲ. ಹಾಡಿನುದ್ದಕ್ಕೂ ನಡುಗುತ್ತಲೇ ಇತ್ತು. ಅಮ್ಮನ ಮುಖದ ನಗು ಹೋಯಿತು, ಬೆರಳುಗಳು ಬಿಗಿಯಾದವು. ಆದರೂ ಅವಳು ಕದಲಲಿಲ್ಲ. ರಾಷ್ಟ್ರಗೀತೆಯ ನಡುವೆ ಕದಲಬಾರದೆಂದು ನಮಗೆ ಕಲಿಸಿದವಳೇ ಅವಳು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಫೋನ್ ಸುಮ್ಮನಾಯಿತು.

ತಿರುಗಿ ಮಾಡಿದಾಗ ಸ್ವಿಚ್ ಆಫ್ ಎಂದು ಬಂತು. ಮತ್ತೆ ಮಾಡಿದಾಗಲೂ ಅದೇ.

ಮಾವ ಹಿಂದಿನ ದಿನವೇ ಅಜ್ಜಿಯನ್ನು ಮಾದಾಪುರದ ಪರಿಹಾರ ಕೇಂದ್ರಕ್ಕೆ ಬಿಟ್ಟು, ಶುಕ್ರವಾರ ಬೆಳಗ್ಗೆ ಹಸುಗಳ ಹಗ್ಗ ಬಿಚ್ಚಿ ಬರುತ್ತೇನೆಂದು ಮನೆಗೆ ವಾಪಸು ಹೋಗಿದ್ದ. ಆ ಬೆಳಗ್ಗೆ ಮನೆಯ ಹಿಂದಿನ ಗುಡ್ಡ ಕೆಳಗೆ ಬಂತು. ಎಷ್ಟು ಹೊತ್ತಿಗೆ ಎಂದು ಹೇಳುವವರು ಯಾರೂ ಉಳಿದಿರಲಿಲ್ಲ. ಹಸುಗಳು ಆಮೇಲೆ ರಸ್ತೆಯಲ್ಲಿ ಸಿಕ್ಕವು, ಕುತ್ತಿಗೆಯಲ್ಲಿ ಹಗ್ಗವಿರಲಿಲ್ಲ. ಮಾವ ಸಿಗಲಿಲ್ಲ. ಅಮ್ಮ ಬೆಂಗಳೂರಿನ ಮೂಲಕ ಊರಿಗೆ ಬಂದು, ಮನೆ ಇದ್ದ ಜಾಗದಲ್ಲಿ ಕೆಂಪು ಮಣ್ಣನ್ನು ನೋಡಿಕೊಂಡು ಮಸ್ಕತ್ತಿಗೆ ಮರಳಿದಳು.

ಆ ಕರೆ ಏನು ಹೇಳಲಿಕ್ಕಿತ್ತು ಎಂಬ ಪ್ರಶ್ನೆಯೇ ಆಮೇಲೆ ನಮ್ಮ ಮನೆ ತುಂಬಿಕೊಂಡಿತು. ಅಪ್ಪ, "ತಮಾಷೆಗೇ ಮಾಡಿರ್ತಾನೆ, ಕಟ್ ಮಾಡೋದು ಮರ್ತಿರ್ತಾನೆ" ಎನ್ನುತ್ತಿದ್ದ. ಮುಂದಿನ ವರ್ಷ ಅಮ್ಮ ಹಬ್ಬಕ್ಕೆ ಬರುವುದಿಲ್ಲವೆಂದು ನಾವು ತಿಳಿದಿದ್ದೆವು. ಬಂದಳು. ಕಡುಬನ್ನೂ ಮಾಡಿದಳು. ರಾಷ್ಟ್ರಗೀತೆಗೆ ನಿಂತಾಗ ಫೋನನ್ನು ಪೂರ್ತಿ ಸೌಂಡಿಗೆ ಇಟ್ಟು, ಅಂಗೈಯಲ್ಲಿ ಪರದೆ ಮೇಲಾಗಿ ಹಿಡಿದುಕೊಂಡಳು. ವಿಡಿಯೋ ಮಾಡುತ್ತಿದ್ದಾಳೆಂದು ಹಿಂದಿನವರು ಅಂದುಕೊಂಡರು. ದೀಪವನ್ನು ಗಾಳಿಗೆ ಆರದಂತೆ ಹಿಡಿಯುವ ಹಾಗೆ ಹಿಡಿದಿದ್ದಳು. ಕೊರೊನಾ ವರ್ಷ ಎಲ್ಲರೂ ಮನೆಮನೆಯಲ್ಲಿ ಕಂಪ್ಯೂಟರಿನ ಮುಂದೆ ನಿಂತೆವು. ಆಗಲೂ ಹಾಗೆಯೇ. ನಾನು ದಿನಚರಿ ಬರೆಯಲು ಆರಂಭಿಸಿದ್ದು ಆ ಹೊತ್ತಿಗೆ. ಪ್ರತಿ ವರ್ಷದ ಹಬ್ಬದ ತಾರೀಕು, ಬಂದವರ ಸಂಖ್ಯೆ, ತಿಂಡಿ ಎಲ್ಲವೂ ಅದರಲ್ಲಿವೆ. ಅಮ್ಮನ ಕೈಯ ಬಗ್ಗೆ ಮಾತ್ರ ಬರೆಯುತ್ತಿರಲಿಲ್ಲ. ಬರೆದರೆ ಆ ಫೋನ್ ನಿಜವಾಗಿ ರಿಂಗಾಗಿಬಿಟ್ಟೀತು ಎಂಬ ಹೆದರಿಕೆಯಿತ್ತು.

2022ರ ಆಗಸ್ಟ್ 19, ಶುಕ್ರವಾರ, ರಿಂಗಾಯಿತು. ಹಾಡು ಅರ್ಧಕ್ಕೆ ಬಂದಿತ್ತು. ಅಮ್ಮ ಸಾಲಿನಿಂದ ಹೊರಗೆ ಹಾರಿ, ಒಂದು ಕುರ್ಚಿ ಬೀಳಿಸಿ, "ಹೇಳೋ, ಹೇಳೋ" ಎನ್ನುತ್ತ ಬಾಗಿಲ ಕಡೆ ಓಡಿದಳು. ಅತ್ತ ಕಡೆಯಿಂದ ಒಬ್ಬಳು ಇಂಗ್ಲಿಷಿನಲ್ಲಿ ಕ್ರೆಡಿಟ್ ಕಾರ್ಡ್ ಬೇಕಾ ಎಂದು ಕೇಳಿದಳು. ಅಮ್ಮ ಅವಳ ಮಾತನ್ನು ಕೊನೆಯವರೆಗೂ ಕೇಳಿಸಿಕೊಂಡು "ನೋ, ಥ್ಯಾಂಕ್ಯೂ" ಎಂದು ಮರಳಿ ಬಂದಳು.

ಕಾರ್ಯಕ್ರಮ ನಡೆಸುವ ಹಿರಿಯರೊಬ್ಬರು ತಿಂಡಿಯ ಹೊತ್ತಿಗೆ ತಡೆಯಲಾರದೆ, "ಏನಮ್ಮಾ, ಒಂದು ನಿಮಿಷ ನೆಟ್ಟಗೆ ನಿಂತ್ಕೊಳ್ಳೋಕಾಗಲ್ವಾ? ಮಕ್ಕಳು ನೋಡ್ತಾ ಇರ್ತಾವೆ" ಎಂದರು.

ಅಪ್ಪ ಕಡುಬಿನ ತಟ್ಟೆಯನ್ನು ಮೇಜಿನ ಮೇಲಿಟ್ಟ. "ಒಂದ್ಸಲ ನಿಂತಿದ್ದಾಳೆ ಸಾರ್. ಅದು ಸಾಕು."

ಕಳೆದ ವರ್ಷ ನಾನು ಓದಲು ಕೊಡಗಿಗೆ ಬಂದೆ. ಪೊನ್ನಂಪೇಟೆಯ ಹಾಸ್ಟೆಲಿನಲ್ಲಿದ್ದೇನೆ, ರಜೆ ಸಿಕ್ಕಾಗ ಅಜ್ಜಿಯಲ್ಲಿಗೆ ಹೋಗುತ್ತೇನೆ. ಮನೆ ಕಳೆದುಕೊಂಡವರಿಗೆ ಸರ್ಕಾರ ಕಟ್ಟಿಸಿಕೊಟ್ಟ ಸಾಲು ಮನೆಗಳಲ್ಲಿ ಅವಳದೂ ಒಂದು. ಅಲ್ಲಿ ಗುಡ್ಡ ಹತ್ತಿರದಲ್ಲಿಲ್ಲ, ಆದರೂ ಅಜ್ಜಿ ಹಿಂದಿನ ಕಿಟಕಿ ತೆರೆಯುವುದಿಲ್ಲ.

ಈ ವರ್ಷ ಮಳೆ ಹಿಡಿಯುವ ಹೊತ್ತಿಗೆ ಅಜ್ಜಿ ಒಂದು ಮಾತು ತೆಗೆದಳು: ಮಗನಿಗೆ ಎಡೆ ಇಡಬೇಕು. ತೀರಿಕೊಂಡವರಿಗೆ ಇಷ್ಟದ ಅಡುಗೆ ಮಾಡಿ, ಎಲೆಯ ಮೇಲೆ ಬಡಿಸಿ, ಅವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ನಾವು ಹೊರಗೆ ನಿಲ್ಲುವುದು ನಮ್ಮಲ್ಲಿನ ಕ್ರಮ. ಮಾವನಿಗೆ ಇದುವರೆಗೂ ಯಾರೂ ಇಟ್ಟಿರಲಿಲ್ಲ. ಅಮ್ಮ ಬಿಟ್ಟಿರಲಿಲ್ಲ.

ಫೋನಿನಲ್ಲಿ ಇಬ್ಬರಿಗೂ ಜಗಳವಾಯಿತು. ಸ್ಪೀಕರ್ ಹಾಕಿದ್ದರಿಂದ ಎಲ್ಲವೂ ನನಗೆ ಕೇಳಿಸಿತು.

"ಎಡೆ ಇಟ್ರೆ ಅಲ್ಲಿಗೆ ಮುಗೀತು ಅವ್ವಾ. ಆಮೇಲೆ ಅವ್ನು ಫೋನ್ ಮಾಡಲ್ಲ."

"ಏಳು ವರ್ಷ ಹಸ್ಕೊಂಡು ಯಾರೇ ಫೋನ್ ಮಾಡ್ತಾರೆ?"

ಅಮ್ಮ ಕಟ್ ಮಾಡಿದಳು. ಆಮೇಲೆ ಅಜ್ಜಿ ಎಡೆ ಎಂದು ಬಾಯಿ ತೆರೆದಾಗಲೆಲ್ಲ ಕಟ್ ಮಾಡಿದಳು. ಅಜ್ಜಿ ಒಬ್ಬಳೇ ಇಡಬಹುದಿತ್ತಲ್ಲ ಎಂದು ನಾನು ಕೇಳಿದೆ. "ಅವ್ನಿಗೆ ಹೆಂಡ್ತಿ ಮಕ್ಳು ಇಲ್ಲ ಕಣೆ. ಎತ್ತಿ ಆಡ್ಸಿದೋಳು ನಿಮ್ಮಮ್ಮ. ಅವ್ಳು ಕರೀದೆ ಅವ್ನು ಬರಲ್ಲ" ಎಂದಳು.

ಈ ಸಲ ಆಗಸ್ಟ್ ಹದಿನೈದು ಶುಕ್ರವಾರವೇ ಬಂತು. ಮಸ್ಕತ್ತಿನಲ್ಲಿ ಹಬ್ಬವೂ ತಾರೀಕೂ ಒಂದೇ ದಿನ. ಅಜ್ಜಿ ಅದೇ ದಿನ ಎಂದು ತೀರ್ಮಾನಿಸಿದಳು. ಮಾವ ಹೋದದ್ದು ಹದಿನೇಳಕ್ಕಲ್ಲವೇ ಎಂದೆ.

"ಶುಕ್ರವಾರ ಹೋದೋನು ಶುಕ್ರವಾರನೇ ಬರ್ಲಿ. ನಿನ್ ಕ್ಯಾಲೆಂಡರ್ ನೀನೇ ಇಟ್ಕೊ."

ಬೆಳಗ್ಗೆಯಿಂದ ಸಣ್ಣ ಮಳೆ. ಸಾಲು ಮನೆಗಳ ಮಕ್ಕಳು ಕಾಗದದ ಬಾವುಟ ಹಿಡಿದು ಶಾಲೆಯಿಂದ ಲಾಡು ತಿನ್ನುತ್ತ ಬಂದರು. ಅಜ್ಜಿ ಕೋಳಿ ಸಾರು, ಕಡುಬು, ಎಳೆಬಿದಿರಿನ ಕಳಲೆ ಪಲ್ಯ ಮಾಡಿ ಮುಗಿಸಿದ್ದಳು. ಒಳಕೋಣೆ ಸಾರಿಸಿ, ಬಾಳೆಲೆ ತೊಳೆದು ಹಾಸಿದ್ದಳು. ಎಲೆಯ ಮೇಲೆ ಏನೂ ಇರಲಿಲ್ಲ. ಹನ್ನೊಂದಕ್ಕೆ ಇನ್ನೇನು ಸ್ವಲ್ಪ ಇದೆ ಎನ್ನುವಾಗ, "ಅಮ್ಮಂಗೆ ಫೋನ್ ಹಚ್ಚು" ಎಂದಳು.

"ಬೇಡ ಅಜ್ಜಿ, ಈಗ ಅಲ್ಲಿ ಒಂಬತ್ತೂವರೆ. ಎಲ್ರೂ ರಾಷ್ಟ್ರಗೀತೆಗೆ ನಿಂತಿರ್ತಾರೆ."

"ಗೊತ್ತು. ಅದ್ಕೇ ಹಚ್ಚು ಅಂದಿದ್ದು. ಈ ಹೊತ್ತಲ್ಲಿ ಯಾರ್ ಮಾಡಿದ್ರೂ ಎತ್ತುತ್ತಾಳೆ."

ಆ ಹಾಲ್, ಆ ಸಾಲು, ಆ ಅಂಗೈ ನನಗೆ ಕಣ್ಣಿಗೆ ಕಟ್ಟಿದಂತಿತ್ತು. ಇದು ಮೋಸವೆನಿಸಿತು. ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ಸ್ಪೀಕರಿಗೆ ಹಾಕಿ ಹಚ್ಚಿದೆ.

ಒಂದೇ ರಿಂಗಿಗೆ ಎತ್ತಿದಳು. ಹಿಂದಿನಿಂದ ಹಾಡು ಕೇಳುತ್ತಿತ್ತು, ಅದರ ಮೇಲೆ ಅಮ್ಮನ ಉಸಿರು. ನನ್ನ ಹೆಸರು ಪರದೆಯ ಮೇಲೆ ಕಂಡಿರಲೇಬೇಕು. ಆದರೂ ಅವಳು "ಹೇಳೋ" ಎಂದಳು.

ಅಜ್ಜಿ ಫೋನನ್ನು ಬಾಯಿಯ ಹತ್ತಿರ ತಂದಳು. "ನಾನು ಕಣೆ. ಅವ್ನಲ್ಲ."

ಅತ್ತ ಹಾಡು ಮುಂದುವರಿಯಿತು. ನಾವು ಮೂವರೂ ಅದು ಮುಗಿಯುವವರೆಗೆ ಮಾತನಾಡಲಿಲ್ಲ. ಆಮೇಲೆ ಜೈಕಾರ, ಕುರ್ಚಿಗಳ ಸದ್ದು, ಯಾರೋ ಮಗುವನ್ನು ಗದರಿದ್ದು.

"ಅವ್ವಾ" ಎಂದಳು ಅಮ್ಮ.

"ಕಡುಬು ಆರ್ತಾ ಅದೆ. ನೀನು ಹೇಳಿದ್ರೆ ಬಡಿಸ್ತೀನಿ. ಇಲ್ದಿದ್ರೆ ಎಲೆ ಎತ್ತಿ ಹಸುಗೆ ಹಾಕ್ತೀನಿ. ಇನ್ ಮೇಲೆ ಕೇಳಲ್ಲ."

ಹಾಲಿನ ಗದ್ದಲ ದೂರವಾಯಿತು, ಅಮ್ಮ ಹೊರಗೆ ಬಿಸಿಲಿಗೆ ಬಂದಿರಬೇಕು.

"ಬಡ್ಸು."

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಮ್ಮ ಮತ್ತೆ ಮಾತನಾಡಿದಳು, ಈ ಸಲ ನನ್ನೊಡನೆ. "ಫೋನ್ ಕಟ್ ಮಾಡ್ಬೇಡ ಮಗಾ. ಎಲೆ ಪಕ್ಕ ಇಟ್ಟು ಬಾಗ್ಲು ಹಾಕು."

ಅಜ್ಜಿ ಬಡಿಸಿದಳು. ನಾನು ಫೋನನ್ನು ಎಲೆಯ ಎಡಕ್ಕೆ, ನೀರಿನ ಚೊಂಬಿನ ಪಕ್ಕದಲ್ಲಿ ಇಟ್ಟೆ. ಬಾಗಿಲು ಎಳೆದುಕೊಂಡು ಇಬ್ಬರೂ ಜಗಲಿಯಲ್ಲಿ ನಿಂತೆವು. ಮಳೆ ಶೀಟಿನ ಮೇಲೆ ಬೀಳುತ್ತಿತ್ತು. ಒಳಗಿನಿಂದ ಅಮ್ಮನ ದನಿ ಬಂತು, ಮೆಲ್ಲಗೆ, ಮಾತುಗಳು ತಿಳಿಯಲಿಲ್ಲ. ಅವಳು ಮಾತನಾಡಿ ನಿಲ್ಲಿಸುತ್ತಿದ್ದಳು. ಎದುರಿನವರು ಹೇಳುವುದಕ್ಕೆ ಬೇಕಾಗುವಷ್ಟು ಹೊತ್ತು ಬಿಟ್ಟು ಮತ್ತೆ ಮಾತನಾಡುತ್ತಿದ್ದಳು. ಒಮ್ಮೆ ನಕ್ಕಳು. ಆ ನಗು ಕೇಳಿ ಅಜ್ಜಿ ನನ್ನ ತೋಳು ಹಿಡಿದುಕೊಂಡಳು. ಆ ಬಿಡುವುಗಳಲ್ಲಿ ನನಗೂ ಏನೋ ಕೇಳಿಸಿತೆಂದು ಬರೆಯಲಾರೆ, ಕೇಳಿಸಲಿಲ್ಲವೆಂದೂ ಬರೆಯಲಾರೆ.

ದನಿ ನಿಂತ ಮೇಲೆ ಅಜ್ಜಿ ಬಾಗಿಲು ದೂಡಿದಳು. ಕಡುಬಿನ ಹಬೆ ಹೋಗಿತ್ತು, ಎಲೆ ಹಾಗೆಯೇ ಇತ್ತು. ಫೋನ್ ಇನ್ನೂ ಕಟ್ ಆಗಿರಲಿಲ್ಲ. ಎಲೆ ತೆಗೆಯಲು ಬಗ್ಗಿದವಳು ನಾನು. ಬಳೆಯ ಸದ್ದು ಕೇಳಿರಬೇಕು, ಅಲ್ಲಿಂದ ಅಮ್ಮ ಹೇಳಿದಳು:

"ಈಗ್ಲೇ ಎತ್ಬೇಡ. ಅವ್ನು ನಿಧಾನ ಉಣ್ಣೋನು."

ನಾವಿಬ್ಬರೂ ಮತ್ತೆ ಹೊರಗೆ ಬಂದು ಬಾಗಿಲು ಹಾಕಿಕೊಂಡೆವು.