ಬೇಡವೆಂದ ಅಕ್ಕಿ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮ ಮೂಡುಬಿದಿರೆಯಿಡೀ ಹೇಳಿಕೊಂಡು ಬರುತ್ತಿದ್ದಳು. ಅಂಥ ನಾನು ನರ್ಸ್ ಆದದ್ದು ಯಾರ ಪುಣ್ಯವೋ, ಯಾರ ಪಾಪವೋ! ಐವತ್ತರ ದಶಕದ ಕೊನೆಯಲ್ಲಿ ನನ್ನನ್ನು ಬೆಳ್ತಂಗಡಿಯಿಂದ ಆಚೆ, ಘಟ್ಟದ ಬುಡದ ಒಂದು ಸಣ್ಣ ಸರಕಾರಿ ಆಸ್ಪತ್ರೆಗೆ ಹಾಕಿದರು. ಡಾಕ್ಟರು ವಾರದಲ್ಲಿ ಕೆಲವು ದಿನ ಬಂದುಹೋಗುತ್ತಿದ್ದರು. ಗುಡಿಸಿ ಒರೆಸಲು ಒಬ್ಬಳು ಆಯಾ ಇದ್ದಳು. ಉಳಿದದ್ದೆಲ್ಲ ನಾನೇ. ಹೆರಿಗೆ ಮಾಡಿಸುವುದೂ ನಾನೇ, ಹುಣ್ಣು ತೊಳೆಯುವುದೂ ನಾನೇ, ಸಿರಿಂಜು ಕುದಿಸಲು ಸೌದೆ ಒಡೆಯುವುದೂ ನಾನೇ.

"ನಿನಗೆಂಥ ಮಾರಾಯ್ತಿ, ಸರಕಾರವೇ ಅನ್ನ ಹಾಕ್ತದೆ" ಎಂದು ಬಸ್ಸಿನಲ್ಲಿ ಸಿಕ್ಕಿದವರೆಲ್ಲ ಹೇಳುತ್ತಿದ್ದರು. ಕೇಳಿ ನಗು ಬರುತ್ತಿತ್ತು. ಅಪ್ಪ ಇಲ್ಲದ ಮನೆ, ತಮ್ಮಂದಿರ ಶಾಲೆ. ಸಂಬಳದ ಹೆಚ್ಚಿನ ಪಾಲು ಊರಿಗೆ ಹೋಗುತ್ತಿತ್ತು. ಅದಾದರೂ ಹೇಳಿದ ಹೊತ್ತಿಗೆ ಬರುತ್ತಿತ್ತೇ? ಇಲ್ಲ. ತಿಂಗಳ ಕೊನೆ ಬಂತೆಂದರೆ ನನ್ನ ಗಂಜಿಯಲ್ಲಿ ತಿಳಿಯೇ ಹೆಚ್ಚು, ಅಗುಳನ್ನು ಹುಡುಕಬೇಕಿತ್ತು. ಊರಿಗೆ ಹೋದಾಗ ಅಮ್ಮ, "ಎಂಥ ಇಷ್ಟು ಸೋತಿದ್ದೀ?" ಎಂದರೆ, "ಓಡಾಟ ಜಾಸ್ತಿ" ಎನ್ನುತ್ತಿದ್ದೆ.

ಆದರೂ ಯಾರ ಕೈಯಿಂದಲೂ ಏನನ್ನೂ ತೆಗೆದುಕೊಳ್ಳುವುದಿಲ್ಲ ಎಂದು ಹಟ ಹಿಡಿದಿದ್ದೆ. ಅದಕ್ಕೊಂದು ಕಾರಣವಿತ್ತು. ನಾನು ಹೋದ ಹೊಸತರಲ್ಲಿ ಒಬ್ಬ ಬಸುರಿಯನ್ನು ತೀರಾ ತಡವಾಗಿ ಹೊತ್ತು ತಂದಿದ್ದರು. ನರ್ಸಿಗೆ ಕೊಡಲು ಏನೂ ಇಲ್ಲವಲ್ಲ, ಬರಿಗೈಯಲ್ಲಿ ಹೋಗುವುದು ಹೇಗೆ ಎಂದು ಅವಳು ನೋವು ತಿನ್ನುತ್ತ ಮನೆಯಲ್ಲೇ ಕೂತಿದ್ದಳಂತೆ. ಅವಳು ಉಳಿಯಲಿಲ್ಲ. ಅವಳ ಮುಖ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಂದಿನಿಂದ ಒಂದು ನಿಂಬೆಹಣ್ಣು ತಂದವರನ್ನೂ ಬೈದು ಕಳಿಸುತ್ತಿದ್ದೆ.

ಹೀಗಿರುವಾಗ ಒಬ್ಬಳು ಹುಡುಗಿ ಹೆರಿಗೆಗೆ ಬಂದಳು. ಹಿಂದೆ ಎರಡು ಸಲ ಮನೆಯಲ್ಲೇ ಹೆತ್ತು, ಎರಡು ಮಕ್ಕಳನ್ನೂ ಕಳೆದುಕೊಂಡವಳು. ಜೊತೆಗೆ ಬಂದದ್ದು ಅವಳ ತಾಯಿ, ಗಟ್ಟಿಮುಟ್ಟಾದ ಮುದುಕಿ. ಹೆಣ್ಣು ಮಗು ಹುಟ್ಟಿತು. ಕೆಂಪಗೆ, ದುಂಡಗೆ, ಆಸ್ಪತ್ರೆಯ ಹೆಂಚು ಹಾರುವ ಹಾಗೆ ಕೂಗುವ ಮಗು! ನಾಲ್ಕೈದು ದಿನ ಅದು ಚೆನ್ನಾಗಿ ಹಾಲು ಕುಡಿಯಿತು. ನನಗಂತೂ ಅದನ್ನು ಕಂಡರೆ ಮುದ್ದು ಉಕ್ಕುತ್ತಿತ್ತು.

ಮನೆಗೆ ಹೋಗುವ ದಿನ ಬೆಳಿಗ್ಗೆ ಮುದುಕಿ ಒಂದು ತಡ್ಪೆ ಹಿಡಿದುಕೊಂಡು ಬಂದಳು. ನಮ್ಮ ಕಡೆ ಮೊರಕ್ಕೆ ತಡ್ಪೆ ಎನ್ನುತ್ತಾರೆ. ಅದರಲ್ಲಿ ಕುಚ್ಚಲಕ್ಕಿ, ಒಂದು ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ. ಮನೆಯ ಹೆರಿಗೆಗಳಲ್ಲಿ ಹೊಕ್ಕುಳಬಳ್ಳಿ ಕೊಯ್ದವಳಿಗೆ ಹಾಗೆ ಕೊಡುವ ಪದ್ಧತಿ. ನನ್ನ ಅಕ್ಕಿಡಬ್ಬ ಹಿಂದಿನ ದಿನವೇ ಬರಿದಾಗಿತ್ತು. ಆ ಕೆಂಪು ಅಕ್ಕಿ ನೋಡಿ ಹೊಟ್ಟೆ ಚುರುಗುಟ್ಟಿತು, ಸುಳ್ಳು ಯಾಕೆ ಹೇಳಲಿ? ಆದರೂ, "ಬೇಡ ಅಮ್ಮ, ತೆಗೊಂಡು ಹೋಗಿ. ನಮಗೆ ಸರಕಾರ ಕೊಡ್ತದೆ" ಎಂದೆ. ಅವಳು ಮತ್ತೆ ಮುಂದೆ ಚಾಚಿದಳು. ನಾನು ಎರಡು ಕೈಯನ್ನೂ ಹಿಂದೆ ಕಟ್ಟಿಕೊಂಡೆ. ಮುದುಕಿಯ ಮುಖ ಬಿಳಿಚಿಕೊಂಡಿತು. ತಡ್ಪೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮಗಳ ಹತ್ತಿರ ಹೋದಳು.

ಸ್ವಲ್ಪ ಹೊತ್ತಿನಲ್ಲೇ ಆಯಾ ಓಡಿ ಬಂದು, ಬಾಣಂತಿ ಮಗುವಿಗೆ ಹಾಲು ಕೊಡುತ್ತಿಲ್ಲ ಎಂದಳು. ಹೋಗಿ ನೋಡಿದರೆ ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಾಳೆ. ಎದೆಹಾಲು ಇಳಿದು ರವಿಕೆ ಒದ್ದೆ. ಪಕ್ಕದಲ್ಲಿ ಮಗು ಕಿರುಚುತ್ತಿದೆ. ನನಗೆ ಸಿಟ್ಟು ನೆತ್ತಿಗೇರಿತು.

"ಎಂಥ ಮಾರಾಯ್ತಿ, ನಿನಗೆ ಹುಚ್ಚಾ? ಮಗು ಹಸಿದು ಸಾಯಬೇಕಾ?"

ಅವಳು ತಿರುಗದೆಯೇ ಹೇಳಿದಳು: "ಹೋಗುವ ಮಗು ನರ್ಸಮ್ಮ. ಇನ್ನೂ ಯಾಕೆ ಆಸೆ ಮಾಡುದು? ನಿಮಗೆ ಗೊತ್ತುಂಟಲ್ಲ."

ನನಗೆ ತಲೆಬುಡ ತಿಳಿಯಲಿಲ್ಲ. ಮುದುಕಿ ಕಣ್ಣೊರೆಸಿಕೊಂಡು ಬಿಡಿಸಿ ಹೇಳಿದಳು. ಅವರ ಊರಿನಲ್ಲಿ ಹೆರಿಗೆ ಮಾಡಿಸುವವಳು ಉಳಿಯದ ಮಗುವಿನ ಮನೆಯ ಅಕ್ಕಿಯನ್ನು ಮುಟ್ಟುವುದಿಲ್ಲವಂತೆ. ಮಗಳ ಹಿಂದಿನ ಎರಡು ಹೆರಿಗೆಯಲ್ಲೂ ಹೆರಿಗೆ ಮಾಡಿಸಿದವಳು ತಡ್ಪೆ ಬೇಡವೆಂದಿದ್ದಳು. ಎರಡು ಮಕ್ಕಳೂ ಹೋದವು.

ಅಯ್ಯೋ ದೇವರೇ! ಮಗು ಗುಂಡುಕಲ್ಲಿನ ಹಾಗೆ ಉಂಟು ಎಂದೆ. ತೂಗಿ ತೋರಿಸಿದೆ. ದೇವರ ಸತ್ಯವಾಗಿಯೂ ಎಂದು ಆಣೆ ಹಾಕಿದೆ. ಬಾಣಂತಿ ಅಲುಗಾಡಲಿಲ್ಲ. ಮಧ್ಯಾಹ್ನವಾಗುವಾಗ ಮಗುವಿನ ಕೂಗು ಸಣ್ಣದಾಯಿತು. ಚಮಚದಲ್ಲಿ ಕೊಟ್ಟ ನೀರು ಕಟವಾಯಿಯಿಂದ ಇಳಿದುಹೋಯಿತು. "ಕೊಡಿ ಆ ತಡ್ಪೆ!" ಎಂದು ಮುದುಕಿಯ ಕೈಯಿಂದ ಕಿತ್ತುಕೊಂಡೆ.

ಬಾಣಂತಿ ಈಗ ತಿರುಗಿದಳು. "ತೆಗೊಂಡು ಬದಿಗೆ ಇಡ್ತೀರಿ. ಉಂಡರೆ ನಂಬ್ತೇನೆ" ಎಂದಳು.

ಆಸ್ಪತ್ರೆಯ ಹಿಂದೆ ರೋಗಿಗಳ ಮನೆಯವರು ಗಂಜಿ ಬೇಯಿಸಿಕೊಳ್ಳಲು ಕಲ್ಲಿನ ಒಲೆ ಹೂಡಿದ್ದರು. ಮುದುಕಿ ಅಲ್ಲಿ ಬೆಂಕಿ ಮಾಡಿದಳು. ಕುಚ್ಚಲಕ್ಕಿ ಬೇಗ ಬೇಯುವ ಜಾತಿಯಲ್ಲ. ಅದು ಬೇಯುವವರೆಗೆ ಮಗುವನ್ನು ಎದೆಗೆ ಒತ್ತಿಕೊಂಡು ಅಲ್ಲೇ ಅಂಗಳದಲ್ಲಿ ತಿರುಗಿದೆ. ಉಳಿಯೇ ನನ್ನ ಚಿನ್ನ, ಉಳಿಯೇ, ಎಂದು ಅದರ ಕಿವಿಯಲ್ಲಿ ಹೇಳುತ್ತಲೇ ಇದ್ದೆ.

ಮುದುಕಿ ಬಟ್ಟಲಿಗೆ ಗಂಜಿ ಹಾಕಿ, ಉಪ್ಪು ಉದುರಿಸಿ, ಕಾಯಿಚೂರು ಇಟ್ಟಳು. ಆಯಾ ಮಗುವನ್ನು ತಾಯಿಯ ಮಡಿಲಿಗೆ ಹಾಕಿದಳು. ಬಾಣಂತಿ ಬಾಗಿಲಿಗೆ ಒರಗಿ ಕೂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಮೊದಲ ತುತ್ತು ನುಂಗಿದೆ. ಅವಳು ರವಿಕೆ ಬಿಚ್ಚಿ ಮಗುವನ್ನು ಎದೆಗೆ ಹಚ್ಚಿಕೊಂಡಳು. ಅದು ತಡಕಾಡಿತು, ಹಿಡಿಯಿತು, ಚೀಪತೊಡಗಿತು. ಬಿಸಿ ಅನ್ನ ಹೊಟ್ಟೆಗೆ ಇಳಿದದ್ದೇ ತಡ, ನನ್ನ ಕೈ ನನ್ನ ಮಾತು ಕೇಳಲಿಲ್ಲ. ಬಟ್ಟಲು ಬರಿದಾಗುವವರೆಗೆ ತಲೆ ಎತ್ತಲಿಲ್ಲ.

ಎತ್ತಿದಾಗ ಮುದುಕಿ ಮೊಮ್ಮಗಳ ಕಡೆ ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಅಷ್ಟು ದಿನ 'ನೀವು' ಎನ್ನುತ್ತಿದ್ದವಳು ಮೆಲ್ಲಗೆ ಕೇಳಿದಳು:

"ಇಷ್ಟು ಜನರ ಮಕ್ಕಳನ್ನು ಉಳಿಸಿ ಕೊಡ್ತೀ. ನಿನ್ನ ಹೊಟ್ಟೆಗೆ ಸಾಕಾಗುವಷ್ಟು ಕೊಡುದಿಲ್ಲವಾ ಮಗಳೇ ಅವರು?"

ಸರಕಾರದ ಮರ್ಯಾದೆ ಉಳಿಸಲು ಏನೋ ಹೇಳಲು ಹೋದೆ. ಅವಳು ಉತ್ತರಕ್ಕೆ ಕಾಯಲಿಲ್ಲ. ಪಾತ್ರೆಯ ತಳದಿಂದ ಗಟ್ಟಿ ಅನ್ನವನ್ನೇ ಹುಡುಕಿ ತೆಗೆದು ನನ್ನ ಬಟ್ಟಲಿಗೆ ಹಾಕಿದಳು.